ನಮ್ಮ ಸೈಟು ಗೂಗಲ್‌ನಲ್ಲಿ ಕಾಣದೇ ಹೋದ ಸೀಸನ್

2023ರ ಸೆಪ್ಟೆಂಬರ್. ಮಧ್ಯಾಹ್ನ ಊಟಕ್ಕೆ ಕೂತಾಗ ಅಪ್ಪ ತಮ್ಮ ಫೋನನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು.

“ಏನವ್ವಾ, ಸಿಮ್ ಏನಾರ ಬಂದ್ ಆಗೈತೇನು ನೋಡು. ನಾಕು ದಿನ ಆತು, ಒಂದು ಹೊಸ ಪಾರ್ಟಿ ಫೋನ್ ಬಂದಿಲ್ಲ.”

ನನ್ನ ಫೋನಿನಿಂದ ರಿಂಗ್ ಕೊಟ್ಟೆ. ಸರಿಯಾಗಿಯೇ ಹೋಯಿತು. ಅಪ್ಪ ಎದ್ದು ಹೋಗಿ ಎನ್‌ಕ್ವೈರಿ ಬರೆಯುವ ನೋಟ್‌ಬುಕ್ ತಂದು ನನ್ನ ಮುಂದಿಟ್ಟರು. ಬಂದ ಪ್ರತಿ ಫೋನಿಗೂ ಅದರಲ್ಲಿ ಒಂದು ಸಾಲು ಬರೆಯುವುದು ಅವರ ರೂಢಿ. ತಾರೀಖು, ಊರು, ಹೆಸರು, ಎಷ್ಟು ಡೈಯ, ಅಂದರೆ ಅಚ್ಚಿನ, ಯಂತ್ರ ಬೇಕು ಅಂತ. ಆಗಸ್ಟ್‌ನಲ್ಲಿ ದಿನಕ್ಕೆ ಆರೇಳು ಸಾಲು ಇದ್ದವು. ಆ ವಾರದ ಪುಟದಲ್ಲಿ ಬರೀ ಎರಡು. ಎರಡೂ ಹಳೇ ಗಿರಾಕಿಗಳು, ಹೀಟರ್ ಕೆಟ್ಟಿದೆ ಅಂತ ಮಾಡಿದ್ದ ಫೋನು.

ನಮ್ಮದು ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಲ್ಲಿ ಒಂದು ಸಣ್ಣ ವರ್ಕ್‌ಶಾಪ್. ಅಪ್ಪ ಮೊದಲು ಹತ್ತಿ ಗಿರಣಿಯಲ್ಲಿ ಫಿಟ್ಟರ್ ಆಗಿದ್ದರು. ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದ ಕಾಲ ಮುಗಿದು ಗಿರಣಿಗಳು ಒಂದೊಂದೇ ಬಾಗಿಲು ಹಾಕಿದಾಗ, ಒಂದು ಹಳೇ ಲೇಥ್ ಕೊಂಡು ಸ್ವಂತ ಕೆಲಸ ಶುರು ಮಾಡಿದರು. ಈಗ ಅಡಿಕೆ ಹಾಳೆಯಿಂದ ತಟ್ಟೆ, ದೊನ್ನೆ ಒತ್ತುವ ಯಂತ್ರ ಮಾಡುತ್ತೇವೆ. ಲೇಥ್ ಕೆಲಸದ ಅಣ್ಣ, ವೆಲ್ಡಿಂಗ್‌ಗೆ ಇಬ್ಬರು, ಅಪ್ಪ, ಮತ್ತು ಲೆಕ್ಕ, ಫೋನು, ಕಂಪ್ಯೂಟರ್ ನೋಡಿಕೊಳ್ಳುವ ನಾನು. ಇಷ್ಟೇ ಜನ. ಚನ್ನಗಿರಿ ಕಡೆಯ ತೋಟದವರು ನೇರವಾಗಿ ಬಂದು ನೋಡಿ ಕೊಳ್ಳುತ್ತಾರೆ. ಆದರೆ ತಮಿಳುನಾಡು, ಕೇರಳ, ಅಸ್ಸಾಂನ ಗಿರಾಕಿಗಳು ನಮ್ಮನ್ನು ನೋಡಿದ್ದೇ ಗೂಗಲ್‌ನಲ್ಲಿ. ವರ್ಷದ ಅರ್ಧಕ್ಕೂ ಜಾಸ್ತಿ ಆರ್ಡರ್ ಹಾಗೆ ಬಂದಿದ್ದು.

ಬೇಸಿಗೆಯಲ್ಲಿ ಹಾಳೆ ಉದುರುತ್ತದೆ. ಅದಕ್ಕೆ ಮೊದಲೇ, ಅಕ್ಟೋಬರ್‌ನಿಂದ ಜನವರಿಯೊಳಗೆ, ಜನ ಯಂತ್ರ ಹುಡುಕುತ್ತಾರೆ. ಅಂದರೆ ನಮ್ಮ ಸೀಸನ್ ಇನ್ನೇನು ಶುರುವಾಗಬೇಕಿತ್ತು.

ಊಟ ಅರ್ಧಕ್ಕೆ ಬಿಟ್ಟು ಕಂಪ್ಯೂಟರ್ ಮುಂದೆ ಕೂತೆ. ‘ಅಡಿಕೆ ಹಾಳೆ ತಟ್ಟೆ ಯಂತ್ರ’ ಅಂತ ಹುಡುಕಿದೆ, ಇಂಗ್ಲಿಷಿನಲ್ಲೂ ಹುಡುಕಿದೆ. ಹಿಂದಿನ ತಿಂಗಳು ಮೊದಲ ಪುಟದ ಎರಡನೇ ಜಾಗದಲ್ಲಿದ್ದ ನಾವು ಐದನೇ ಪುಟದವರೆಗೂ ಇರಲಿಲ್ಲ. ನಮ್ಮ ವರ್ಕ್‌ಶಾಪಿನ ಪೂರ್ತಿ ಹೆಸರು ಹಾಕಿದರೆ ಮಾತ್ರ ಕಾಣುತ್ತಿತ್ತು. ಮ್ಯಾಪ್‌ನಲ್ಲಿ ನಮ್ಮ ಗುರುತು ಹಾಗೇ ಇತ್ತು, ಅದರ ಲೆಕ್ಕವೇ ಬೇರೆ. ಸೈಟ್ ಅಂತ ಬರೆದು ಕೋಲನ್ ಹಾಕಿ ನಮ್ಮ ವಿಳಾಸ ಕೊಟ್ಟು ನೋಡಿದೆ. ಎಲ್ಲ ಪುಟಗಳೂ ಬಂದವು. ಅಂದರೆ ಗೂಗಲ್ ನಮ್ಮನ್ನು ಪಟ್ಟಿಯಿಂದ ತೆಗೆದಿರಲಿಲ್ಲ, ಯಾರ ಕಣ್ಣಿಗೂ ಬೀಳದ ಕಡೆ ಇಟ್ಟಿತ್ತು.

ಕಾರಣ ತಿಳಿಯಬೇಕಾದರೆ ಸರ್ಚ್ ಕನ್ಸೋಲ್ ನೋಡಬೇಕು. ಸೈಟಿನ ಮಾಲೀಕರಿಗೆ ಗೂಗಲ್ ಪುಕ್ಕಟೆ ಕೊಡುವ ಜಾಗ ಅದು. ಗೂಗಲ್ ನಮಗೆ ಏನಾದರೂ ಹೇಳಬೇಕಿದ್ದರೆ ಅಲ್ಲೇ ಹೇಳುತ್ತದೆ. ನನಗೆ ಅದರ ಕೀಲಿಯೇ ಇರಲಿಲ್ಲ! ಎರಡು ವರ್ಷದ ಹಿಂದೆ ಒಂದು ಮಾರ್ಕೆಟಿಂಗ್ ಏಜೆನ್ಸಿಗೆ ತಿಂಗಳಿಗೆ ಇಷ್ಟು ಅಂತ ಸೈಟಿನ ಕೆಲಸ ಒಪ್ಪಿಸಿದ್ದೆವು. ಸರ್ಚ್ ಕನ್ಸೋಲ್ ಅವರ ಇಮೇಲ್‌ನಲ್ಲಿತ್ತು. ಫೋನ್ ಮಾಡಿದರೆ “ಅಪ್‌ಡೇಟ್ ಬಂದಿದೆ ಮೇಡಂ, ಎಲ್ಲರಿಗೂ ಇಳಿದಿದೆ, ಪ್ಯಾಕೇಜ್ ಜಾಸ್ತಿ ಮಾಡಿದರೆ ಸರಿಯಾಗುತ್ತೆ” ಅಂದರು. ಎರಡನೇ ಸಲ ಎತ್ತಲಿಲ್ಲ.

ಪುಣ್ಯಕ್ಕೆ ಡೊಮೇನ್, ಅಂದರೆ ಸೈಟಿನ ವಿಳಾಸ, ಅಪ್ಪನ ಹೆಸರಿನಲ್ಲೇ ಇತ್ತು. ಅದರ ಪಾಸ್‌ವರ್ಡ್ ಮರೆತಿತ್ತು, ಒಟಿಪಿ ಹೋಗುತ್ತಿದ್ದದ್ದು ಅಪ್ಪನ ಹಳೇ ಗುಂಡಿ ಫೋನಿನ ನಂಬರಿಗೆ. ಆ ಸಿಮ್‌ಗೆ ಮತ್ತೆ ಜೀವ ಕೊಡಿಸಲು ಎರಡು ದಿನ ಓಡಾಡಿದೆ. ಆಮೇಲೆ ಡೊಮೇನ್ ಖಾತೆಗೆ ಹೋಗಿ, ಗೂಗಲ್ ಕೊಟ್ಟ ಒಂದು ಉದ್ದನೆಯ ಸಾಲನ್ನು ಡಿಎನ್‌ಎಸ್‌ನಲ್ಲಿ, ಅಂದರೆ ಡೊಮೇನ್‌ನ ವಿವರಗಳಿರುವ ಪಟ್ಟಿಯಲ್ಲಿ, ಟಿಎಕ್ಸ್‌ಟಿ ಎಂಬ ಬಗೆಯ ದಾಖಲೆಯಾಗಿ ಸೇರಿಸಿದೆ. ಮಾಲೀಕರು ನಾವೇ ಅನ್ನುವುದಕ್ಕೆ ಅದೇ ಪುರಾವೆ. ಸಣ್ಣ ವ್ಯಾಪಾರ ಮಾಡುವ ಪ್ರತಿಯೊಬ್ಬರಿಗೂ ಇದನ್ನು ಕೈಮುಗಿದು ಹೇಳುತ್ತೇನೆ. ಡೊಮೇನ್, ಹೋಸ್ಟಿಂಗ್ (ಸೈಟಿನ ಫೈಲುಗಳನ್ನು ಇಡುವ ಬಾಡಿಗೆ ಜಾಗ), ಸರ್ಚ್ ಕನ್ಸೋಲ್, ಈ ಮೂರೂ ನಿಮ್ಮ ಇಮೇಲ್‌ನಲ್ಲಿರಲಿ. ಕೆಲಸದವರಿಗೆ ಬೇಕಾದರೆ ಒಳಗೆ ಬರಲು ಅನುಮತಿ ಕೊಡಿ, ಅಂಗಡಿಯ ಕೀಲಿಯನ್ನೇ ಕೊಡಬೇಡಿ.

ಒಳಗೆ ಹೋದೆ. ಎಡಗಡೆ ಕೆಳಗೆ ‘ಮ್ಯಾನುಯಲ್ ಆಕ್ಷನ್ಸ್’ ಅಂತ ಇರುತ್ತದೆ, ಗೂಗಲ್‌ನವರು ಸೈಟಿಗೆ ಶಿಕ್ಷೆ ಹಾಕಿದ್ದರೆ ಅಲ್ಲಿ ಕಾಣುತ್ತದೆ. ಒತ್ತಿದೆ. ‘ಅನ್‌ನ್ಯಾಚುರಲ್ ಲಿಂಕ್ಸ್ ಟು ಯುವರ್ ಸೈಟ್’ ಎಂಬ ಸಾಲು, ಪಕ್ಕದಲ್ಲಿ ‘ಎಲ್ಲ ಪುಟಗಳು’. ನಿಮ್ಮ ಸೈಟಿನ ಕಡೆಗೆ ಮೋಸದ, ಕೃತಕ ಲಿಂಕುಗಳು ಒಂದೇ ಮಾದರಿಯಲ್ಲಿ ಬಂದಿವೆ ಎಂಬ ವಿವರಣೆ. ಎದೆ ಧಸಕ್ ಎಂದಿತು. ಮೋಸ ಅನ್ನುವ ಮಾತು ನಮ್ಮ ಮನೆಯ ಹೆಸರಿನ ಪಕ್ಕದಲ್ಲಿ ಬಂದಿದ್ದು ಅದೇ ಮೊದಲು.

ಅಪ್ಪನಿಗೆ ಇದನ್ನು ಹೇಗೆ ಹೇಳುವುದು ಅಂತ ಆ ರಾತ್ರಿ ಯೋಚಿಸಿದೆ. ಲ್ಯಾರಿ ಪೇಜ್, ಸೆರ್ಗಿ ಬ್ರಿನ್ ಎಂಬ ಇಬ್ಬರು ಸ್ಟ್ಯಾನ್‌ಫರ್ಡ್‌ನಲ್ಲಿ ಓದುತ್ತಿದ್ದಾಗ ಹೊಳೆದ ಉಪಾಯದ ಮೇಲೆ 1998ರಲ್ಲಿ ಗೂಗಲ್ ಕಂಪನಿ ಕಟ್ಟಿದರು. ಒಂದು ಪುಟ ಇನ್ನೊಂದು ಪುಟಕ್ಕೆ ಲಿಂಕ್ ಕೊಟ್ಟರೆ ಅದು ಆ ಪುಟದ ಪರವಾಗಿ ಹೇಳಿದ ಮಾತು. ಹೆಚ್ಚು ಜನ, ಅದರಲ್ಲೂ ತೂಕದ ಜನ, ಯಾರ ಪರ ಮಾತಾಡುತ್ತಾರೋ ಅವರು ಮೇಲೆ. ಮಂಡಿಪೇಟೆಯಲ್ಲಿ ಹೊಸಬರಿಗೆ ಉದ್ರಿ ಸಿಗುವುದು ಹೇಗೆ? ಹಳೇ ಅಂಗಡಿಯವರು ಒಬ್ಬರು “ನಮ್ಮೋರು, ಕೊಡ್ರಿ” ಅಂದರೆ ಸಿಗುತ್ತದೆ. ಅಪ್ಪನಿಗೆ ಹಾಗೇ ಹೇಳಿದೆ. “ಅಪ್ಪಾ, ಏಜೆನ್ಸಿಯೋರು ದುಡ್ಡು ಕೊಟ್ಟು ಗುರುತು ಪರಿಚಯ ಇಲ್ಲದೋರ ಕೈಲಿ ನಮ್ಮ ಪರ ಸಾವಿರಾರು ಸುಳ್ಳು ಮಾತು ಹೇಳಿಸ್ಯಾರ. ಗೂಗಲ್‌ನೋರಿಗೆ ಗೊತ್ತಾತು.”

ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ್ದು ಒಂದೇ ಮಾತು. “ದುಡ್ಡು ಯಾರದು? ನಮ್ದೇ ಅಲ್ವಾ?”

ಈ ಪ್ರಶ್ನೆಯ ಬೆಲೆ ನನಗೆ ಆಗ ತಿಳಿಯಲಿಲ್ಲ. ತಿಳಿದಿದ್ದರೆ ಒಂದೂವರೆ ತಿಂಗಳು ಉಳಿಯುತ್ತಿತ್ತು.

ಏಜೆನ್ಸಿಯವರು ತಿಂಗಳು ತಿಂಗಳೂ ಕಳಿಸಿದ್ದ ಎಕ್ಸೆಲ್ ವರದಿಗಳು ಮೇಲ್‌ನಲ್ಲಿ ಹಾಗೇ ಬಿದ್ದಿದ್ದವು. ಅಷ್ಟು ದಿನ ಮೊದಲ ಹಾಳೆಯ ಹಸಿರು ಬಾಣ ನೋಡಿ ಮುಚ್ಚಿಡುತ್ತಿದ್ದೆ. ಈಗ ಒಳಗಿನ ಹಾಳೆ ತೆರೆದೆ. ‘ಈ ತಿಂಗಳು ಕಟ್ಟಿದ ಲಿಂಕುಗಳು’ ಅಂತ ನೂರಾರು ಸಾಲು. ಯಾರೂ ಓದದ ಡೈರೆಕ್ಟರಿಗಳು. ಒಂದೇ ಲೇಖನದ ಪದಗಳನ್ನು ಹಿಂದೆ ಮುಂದೆ ಮಾಡಿ ಮೂವತ್ತು ಕಡೆ ಹಾಕಿದ್ದು. ಯಾವುದೋ ದೇಶದ ಅಡುಗೆ ಬ್ಲಾಗಿನ ಕೆಳಗೆ ‘ಚೆನ್ನಾಗಿದೆ’ ಎಂಬ ಕಾಮೆಂಟು, ಅದರಲ್ಲಿ ನಮ್ಮ ಯಂತ್ರದ ಲಿಂಕು. ಸಿಕ್ಕಿಬೀಳಲು ಮುಖ್ಯ ಕಾರಣ ಲಿಂಕಿನ ಮೇಲಿದ್ದ ಪದಗಳೇ. ನಮ್ಮನ್ನು ಬಲ್ಲ ಗಿರಾಕಿ ಲಿಂಕ್ ಕೊಟ್ಟರೆ ನಮ್ಮ ವರ್ಕ್‌ಶಾಪಿನ ಹೆಸರು ಬರೆಯುತ್ತಾರೆ, ಇಲ್ಲವೇ ‘ಇಲ್ಲಿ ನೋಡಿ’ ಅಂತಾರೆ. ಇಲ್ಲಿ ಸಾವಿರಾರು ಕಡೆ ಒಂದಕ್ಷರವೂ ಹೆಚ್ಚುಕಡಿಮೆ ಇಲ್ಲದೆ ‘ಅರೆಕಾ ಲೀಫ್ ಪ್ಲೇಟ್ ಮೆಷಿನ್ ಮ್ಯಾನುಫ್ಯಾಕ್ಚರರ್’ ಎಂದೇ ಇತ್ತು. ನಿಜವಾದ ಜನ ಹಾಗೆ ಮಾತಾಡುವುದಿಲ್ಲ.

ಅವಸರ ಮಾಡಿದೆ. ವರದಿಗಳಲ್ಲಿದ್ದ ವಿಳಾಸಗಳನ್ನೂ ಸರ್ಚ್ ಕನ್ಸೋಲ್ ಕೊಟ್ಟ ಪಟ್ಟಿಯನ್ನೂ ಒಂದೇ ರಾತ್ರಿ ಕೂಡಿಸಿ, ಒಳ್ಳೆಯದು ಕೆಟ್ಟದ್ದು ನೋಡದೆ ಪೂರ್ತಿ ಪಟ್ಟಿಯನ್ನು ಡಿಸ್‌ಅವೋ ಮಾಡಿದೆ. ‘ಈ ಲಿಂಕುಗಳನ್ನು ನಮ್ಮ ಲೆಕ್ಕಕ್ಕೆ ಹಿಡಿಯಬೇಡಿ’ ಅಂತ ಗೂಗಲ್‌ಗೆ ಕೊಡುವ ಫೈಲ್ ಅದು. ಮರುಪರಿಶೀಲನೆಯ ಅರ್ಜಿಯಲ್ಲಿ ನಾಲ್ಕು ಸಾಲು ಬರೆದೆ. ಏಜೆನ್ಸಿಯವರು ನಮಗೆ ಗೊತ್ತಿಲ್ಲದೆ ಮಾಡಿದ್ದಾರೆ, ನಾವು ಸಣ್ಣವರು, ಸೀಸನ್ ಬಂದಿದೆ, ದಯವಿಟ್ಟು ತೆಗೆಯಿರಿ.

ಆಯುಧ ಪೂಜೆಯ ದಿನ ಬೆಳಿಗ್ಗೆ ಉತ್ತರ ಬಂತು. ವರ್ಕ್‌ಶಾಪಿನಲ್ಲಿ ಲೇಥಿಗೆ, ಡ್ರಿಲ್ಲಿಗೆ, ವೆಲ್ಡಿಂಗ್ ಮೆಷಿನ್ನಿಗೆ ಚೆಂಡುಹೂವು ಕಟ್ಟಿ ಕುಂಬಳಕಾಯಿ ತಂದಿಟ್ಟಿದ್ದರು. ಅಪ್ಪ ನನ್ನ ಲ್ಯಾಪ್‌ಟಾಪಿಗೂ ಕುಂಕುಮ ಹಚ್ಚಿ “ಇದು ಈಗ ನಮ್ಮ ದೊಡ್ಡ ಯಂತ್ರ” ಎಂದರು. ಅದನ್ನೇ ತೆರೆದು ಮೇಲ್ ನೋಡಿದೆ. ಅರ್ಜಿ ತಿರಸ್ಕಾರ ಆಗಿತ್ತು. ಇನ್ನೂ ಅಸಹಜ ಲಿಂಕುಗಳಿವೆ ಎಂದು ಮಾದರಿಗೆ ಎರಡು ವಿಳಾಸ ಕೊಟ್ಟಿದ್ದರು. ಅವೆರಡೂ ನನ್ನ ಪಟ್ಟಿಯಲ್ಲೇ ಇರಲಿಲ್ಲ.

ಹಬ್ಬದ ದಿನ ಅಪ್ಪನಿಗೆ ಹೇಳಲಿಲ್ಲ. ಕೆಲಸದವರಿಗೆ ಬೋನಸ್ ಕೊಡುವಾಗ ಅಪ್ಪ ಲಕೋಟೆ ಎಣಿಸುತ್ತಿದ್ದದ್ದು ನೋಡಿ ಗಂಟಲು ಕಟ್ಟಿತು.

ರಾತ್ರಿ ಕೂತು, ಮೊದಲೇ ಓದಬೇಕಿದ್ದ ಗೂಗಲ್‌ನ ಸಹಾಯ ಪುಟಗಳನ್ನು ಸಾಲು ಸಾಲಾಗಿ ಓದಿದೆ. ಸ್ಪಷ್ಟವಾಗಿಯೇ ಬರೆದಿದ್ದಾರೆ. ಎಲ್ಲ ಲಿಂಕುಗಳನ್ನೂ ಸಾರಾಸಗಟಾಗಿ ಡಿಸ್‌ಅವೋ ಫೈಲಿಗೆ ಸುರಿದರೆ ಅದನ್ನು ಪ್ರಾಮಾಣಿಕ ಪ್ರಯತ್ನ ಅಂತ ಒಪ್ಪುವುದಿಲ್ಲ. ಮೊದಲು ತೆಗೆಸಲು ಪ್ರಯತ್ನಿಸಿ, ಆಗದಿದ್ದುದನ್ನು ಮಾತ್ರ ಫೈಲಿಗೆ ಹಾಕಿ. ಒಳ್ಳೆಯ ಅರ್ಜಿಯಲ್ಲಿ ಮೂರು ಮಾತು ಇರಬೇಕು. ತಪ್ಪು ಏನು, ಸರಿಪಡಿಸಲು ಏನು ಮಾಡಿದಿರಿ, ಅದರಿಂದ ಏನಾಯಿತು.

ಆಗ ಅಪ್ಪನ ಪ್ರಶ್ನೆ ನೆನಪಾಯಿತು. ದುಡ್ಡು ನಮ್ಮದೇ. ಎರಡು ವರ್ಷ ಮೊದಲ ಪುಟದಲ್ಲಿದ್ದ ಲಾಭವೂ ನಮ್ಮದೇ. ‘ಗೊತ್ತಿಲ್ಲದೆ’ ಅಂತ ಬರೆದಿದ್ದೆನಲ್ಲ, ವರದಿ ನನ್ನ ಮೇಲ್‌ನಲ್ಲೇ ಇತ್ತು. ತೆರೆದು ನೋಡಿರಲಿಲ್ಲ, ಅಷ್ಟೇ.

ಮತ್ತೆ ಮೊದಲಿನಿಂದ ಶುರು ಮಾಡಿದೆ. ಸರ್ಚ್ ಕನ್ಸೋಲ್‌ನ ಲಿಂಕ್ಸ್ ವಿಭಾಗದಲ್ಲಿ ಒಂದಕ್ಕಿಂತ ಹೆಚ್ಚು ಪಟ್ಟಿ ಇಳಿಸಿಕೊಳ್ಳಬಹುದು. ಮೊದಲ ಸಲ ಒಂದನ್ನು ಮಾತ್ರ ತೆಗೆದಿದ್ದೆ, ಈ ಸಲ ಎಲ್ಲವನ್ನೂ ಇಳಿಸಿದೆ. ಏಜೆನ್ಸಿಯ ಇಪ್ಪತ್ತಮೂರು ತಿಂಗಳ ವರದಿಗಳನ್ನು ಸೇರಿಸಿದೆ. ಗೂಗಲ್ ಕೊಟ್ಟ ಎರಡು ಮಾದರಿ ವಿಳಾಸಗಳನ್ನು ತೆರೆದು ಅವು ಎಂಥವು ಎಂದು ನೋಡಿದೆ. ಒಂದು ಚರ್ಚಾ ತಾಣದ ಪ್ರೊಫೈಲ್ ಪುಟ. ಯಾರೋ ನಮ್ಮ ಹೆಸರಲ್ಲಿ ಖಾತೆ ತೆರೆದು, ಒಂದು ಮಾತೂ ಬರೆಯದೆ, ಲಿಂಕ್ ಮಾತ್ರ ಇಟ್ಟು ಹೋಗಿದ್ದರು. ಹಾಗೆ ಇಟ್ಟವರು ಒಂದೇ ಕಡೆ ಇಡುವುದಿಲ್ಲ. ಅದೇ ಬಳಕೆದಾರರ ಹೆಸರು ಹಾಕಿ ಹುಡುಕಿದಾಗ ಇನ್ನೂ ನಲವತ್ತು ಕಡೆ ಸಿಕ್ಕಿತು. ಮಾದರಿ ಕೊಡುವುದು ಅವೆರಡನ್ನು ತೆಗೆಯಲಿ ಅಂತಲ್ಲ, ಅಂಥವನ್ನೆಲ್ಲ ಹುಡುಕಲಿ ಅಂತ.

ಎಲ್ಲ ಕೂಡಿಸಿದಾಗ ಎರಡು ಸಾವಿರಕ್ಕೂ ಹೆಚ್ಚು ಲಿಂಕು, ಮುನ್ನೂರರಷ್ಟು ಸೈಟು. ಮುನ್ನೂರನ್ನೂ ಒಂದೊಂದಾಗಿ ತೆರೆದು ನೋಡಿದೆ. ಇದಕ್ಕೆ ಅಡ್ಡದಾರಿ ಇಲ್ಲ. ಲಿಂಕು ಎಷ್ಟು ಕೆಟ್ಟದ್ದು ಅಂತ ‘ವಿಷದ ಅಂಕ’ ಕೊಡುವ ಸಾಫ್ಟ್‌ವೇರ್‌ಗಳಿವೆ, ಆದರೆ ಆ ಅಂಕ ಅದನ್ನು ಮಾರುವ ಕಂಪನಿಯದು, ಗೂಗಲ್‌ನದಲ್ಲ. ಒಂದು ಕೃಷಿ ಮೇಳದ ಮಳಿಗೆಗಳ ಪಟ್ಟಿ ಇದ್ದ ಹಳೇ ಪುಟಕ್ಕೆ ಒಂದು ಸಾಫ್ಟ್‌ವೇರ್ ಕೆಟ್ಟ ಅಂಕ ಕೊಟ್ಟಿತ್ತು. ಆ ಮೇಳದಲ್ಲಿ ಅಪ್ಪ ಮೂರು ದಿನ ಬಿಸಿಲಲ್ಲಿ ನಿಂತು ತಟ್ಟೆ ಒತ್ತಿ ತೋರಿಸಿದ್ದರು. ಅಂಥ ಲಿಂಕನ್ನು ನನ್ನ ಕೈಯಾರೆ ಕಳೆದುಕೊಳ್ಳಲೇ? ಪ್ರತಿ ಸೈಟಿಗೂ ನಾನು ಕೇಳಿಕೊಂಡದ್ದು ಒಂದೇ ಪ್ರಶ್ನೆ. ಗೂಗಲ್ ಎಂಬುದೇ ಇಲ್ಲದಿದ್ದರೂ ಈ ಲಿಂಕ್ ಇಲ್ಲಿ ಇರುತ್ತಿತ್ತಾ? ಇರುತ್ತಿತ್ತು ಅಂದರೆ ಹಸಿರು. ಇಲ್ಲ ಅಂದರೆ ಕೆಂಪು. ಗೊತ್ತಾಗದಿದ್ದರೆ ಹಳದಿ ಬಣ್ಣ ಹಚ್ಚಿ ಮಾರನೇ ದಿನ ಮತ್ತೆ ನೋಡುತ್ತಿದ್ದೆ. ಹಸಿರು ಉಳಿದದ್ದು ಇಪ್ಪತ್ತಾರು. ಆ ಇಪ್ಪತ್ತಾರನ್ನು ನೋಡಿದಾಗ ನನಗೆ ನಿಜವಾಗಿ ಸಂತೋಷವಾಯಿತು. ಕೇರಳದ ಒಬ್ಬ ಹೆಣ್ಣುಮಗಳು ತಮ್ಮ ತಟ್ಟೆ ಮಾರುವ ಸೈಟಿನಲ್ಲಿ ‘ನಮ್ಮ ಯಂತ್ರ ದಾವಣಗೆರೆಯದು’ ಅಂತ ಬರೆದು ಲಿಂಕ್ ಕೊಟ್ಟಿದ್ದರು. ನಮಗೆ ಅದು ಗೊತ್ತೇ ಇರಲಿಲ್ಲ.

ಕೆಂಪಿನವರಿಗೆ ಪತ್ರ ಬರೆಯುವ ಕೆಲಸ ಬೇಸರದ್ದು, ಹೆಚ್ಚು ಹೇಳುವುದಿಲ್ಲ. ಅರ್ಧಕ್ಕರ್ಧ ಸೈಟುಗಳಿಗೆ ವಿಳಾಸವೇ ಇಲ್ಲ. ಬರೆದವರಲ್ಲಿ ಹೆಚ್ಚಿನವರು ಉತ್ತರಿಸಲಿಲ್ಲ. ಕೆಲವರು ತೆಗೆದರು. ಕೆಲವರು ಒಂದು ಲಿಂಕ್ ತೆಗೆಯಲು ಇಷ್ಟು ಡಾಲರ್ ಕೊಡಿ ಅಂದರು. ಕೊಡಲಿಲ್ಲ, ಆ ಮೇಲ್‌ಗಳ ಚಿತ್ರ ತೆಗೆದಿಟ್ಟುಕೊಂಡೆ. ಕಳಿಸಿದ ದಿನ, ಬಂದ ಉತ್ತರ, ಎರಡನೇ ಸಲ ಬರೆದ ದಿನ, ಎಲ್ಲವನ್ನೂ ಅದೇ ಶೀಟಿನಲ್ಲಿ ಬರೆದೆ. ಅಪ್ಪನ ನೋಟ್‌ಬುಕ್ ನೋಡಿ ಬೆಳೆದವಳಿಗೆ ಅದೊಂದು ಕಷ್ಟ ಆಗಲಿಲ್ಲ.

ಒಂದು ಫೋನಿನ ಬಗ್ಗೆ ಮಾತ್ರ ಹೇಳಲೇಬೇಕು. ಬೆಂಗಳೂರಿನ ಒಬ್ಬ ಹಲ್ಲಿನ ಡಾಕ್ಟರ ಸೈಟಿನಲ್ಲಿ, ಪ್ರತಿ ಪುಟದ ಅಡಿಯಲ್ಲಿ, ಬಿಳಿಯ ಮೇಲೆ ತಿಳಿಬೂದು ಅಕ್ಷರದಲ್ಲಿ ನಮ್ಮ ಯಂತ್ರದ ಲಿಂಕು ಇತ್ತು. ಕ್ಲಿನಿಕ್ಕಿಗೆ ಫೋನ್ ಮಾಡಿದೆ.

“ಸರ್, ನಾವು ದಾವಣಗೆರೆಯೋರು. ಹಾಳೆ ತಟ್ಟೆ ಯಂತ್ರ ಮಾಡ್ತೀವಿ. ನಿಮ್ಮ ಸೈಟಿನ ಕೆಳಗೆ ನಮ್ಮ ಹೆಸರಿದೆ, ದಯವಿಟ್ಟು ತೆಗೆಸಬೇಕಿತ್ತು.”

“ಯಾಕಮ್ಮಾ, ನಾನು ಹಲ್ಲು ಕೀಳೋನು, ನನ್ನ ಸೈಟಲ್ಲಿ ತಟ್ಟೆ ಯಂತ್ರ ಯಾಕಿರುತ್ತೆ?”

ಫೋನ್ ಹಿಡಿದುಕೊಂಡೇ ಅವರು ಪುಟದ ಕೆಳಗೆ ಹೋಗಿ ನೋಡಿದರು. ಸ್ವಲ್ಪ ಹೊತ್ತು ಮೌನ. ನಮ್ಮದೊಂದೇ ಅಲ್ಲ, ಇನ್ನೂ ಏಳು ಅಂಗಡಿಗಳ ಲಿಂಕು ಅಲ್ಲಿತ್ತು. ಅವರ ಸೈಟು ಮಾಡಿದ್ದೂ ಅದೇ ಏಜೆನ್ಸಿ. ಆ ಕ್ಷಣ ನನಗೆ ಹೊಳೆದು ನಮ್ಮ ಸೈಟಿನ ಕೋಡ್ ತೆರೆದೆ. ನಮ್ಮ ಅಡಿಯಲ್ಲೂ ನಾಲ್ಕು ಲಿಂಕು! ಒಂದು ಟ್ರಾವೆಲ್ಸ್, ಒಂದು ಪ್ಯಾಕರ್ಸ್, ಎರಡು ಯಾವುದೋ ಊರಿನ ಬಡಾವಣೆಯಲ್ಲಿ ನಿವೇಶನ ಮಾರುವವರು. ಒಬ್ಬರ ಅಂಗಡಿಯ ಗೋಡೆ ಮೇಲೆ ಇನ್ನೊಬ್ಬರ ಬೋರ್ಡು, ಯಾರಿಗೂ ಹೇಳದೆ. ನಮ್ಮವನ್ನು ಆವತ್ತೇ ತೆಗೆದೆ. ಡಾಕ್ಟರು ಸಂಜೆಯೊಳಗೆ ತೆಗೆಸಿ ತಾವೇ ವಾಪಸ್ ಫೋನ್ ಮಾಡಿ, ಸರ್ಚ್ ಕನ್ಸೋಲ್ ತೆರೆಯುವುದು ಹೇಗೆ ಅಂತ ಕೇಳಿ ಬರೆದುಕೊಂಡರು.

ತೆಗೆಸಲಾಗದೆ ಉಳಿದವನ್ನು ಫೈಲ್ ಮಾಡಿದೆ. ಇದು ಮಾಮೂಲಿ ನೋಟ್‌ಪ್ಯಾಡ್ ಫೈಲ್, ಯುಟಿಎಫ್-8ರಲ್ಲಿ ಉಳಿಸಬೇಕು. ಸಾಲಿಗೊಂದು ವಿಳಾಸ. ಇಡೀ ಸೈಟೇ ಬೇಡ ಅಂದರೆ ಇಂಗ್ಲಿಷಿನಲ್ಲಿ ‘ಡೊಮೇನ್’ ಎಂದು ಬರೆದು ಕೋಲನ್ ಹಾಕಿ, ಜಾಗ ಬಿಡದೆ ಸೈಟಿನ ಹೆಸರು. ಇಂಥ ಕಡೆ ಒಂದೊಂದೇ ಪುಟ ಬರೆಯುವುದಕ್ಕಿಂತ ಇಡೀ ಸೈಟ್ ಬರೆಯುವುದೇ ಸರಿ, ಏಕೆಂದರೆ ಒಂದೇ ಲಿಂಕು ಹತ್ತು ಪುಟದಲ್ಲಿ ಮರಿ ಹಾಕಿರುತ್ತದೆ. ಹ್ಯಾಷ್ ಗುರುತಿನಿಂದ ಶುರುವಾಗುವ ಸಾಲು ನಮ್ಮ ಟಿಪ್ಪಣಿಗೆ. ಫೈಲ್ 2 ಎಂಬಿ ದಾಟಬಾರದು, 1 ಲಕ್ಷ ಸಾಲು ದಾಟಬಾರದು. ನಮ್ಮಂಥವರಿಗೆ ಆ ಚಿಂತೆ ಇಲ್ಲ. ಹೊಸ ಫೈಲ್ ಹಾಕಿದರೆ ಹಳೆಯದು ಪೂರ್ತಿ ಹೋಗಿ ಹೊಸದು ಕೂರುತ್ತದೆ. ಹಾಗಾಗಿ ಮೊದಲ ಸಲ ನಾನು ಬೇಡ ಅಂದಿದ್ದ ಆ ಇಪ್ಪತ್ತಾರು ಒಳ್ಳೆಯವರನ್ನು ವಾಪಸ್ ಪಡೆಯಲು ಸಾಧ್ಯವಾಯಿತು. ಈ ಫೈಲ್ ಹಾಕುವ ಪುಟ ಸರ್ಚ್ ಕನ್ಸೋಲ್‌ನ ಮೆನುವಿನಲ್ಲಿ ಸಿಗುವುದಿಲ್ಲ, ಅದರ ವಿಳಾಸವೇ ಬೇರೆ. ಅಲ್ಲಿ, ನಾನು ಡಿಎನ್‌ಎಸ್ ಮೂಲಕ ಮಾಡಿದ್ದ ಡೊಮೇನ್ ರೀತಿಯ ನೋಂದಣಿ ನಡೆಯುವುದಿಲ್ಲ. ಪೂರ್ತಿ ವಿಳಾಸದ ಹೆಸರಿನಲ್ಲಿ ಇನ್ನೊಂದು ನೋಂದಣಿ ಮಾಡಬೇಕು. ಮೊದಲ ಸಲ ಇದು ತಿಳಿಯದೆ ರಾತ್ರಿ ಎರಡರವರೆಗೆ ಒದ್ದಾಡಿದ್ದೆ.

ಅರ್ಜಿಯನ್ನು ದೀಪಾವಳಿ ಮುಗಿದ ಮೇಲೆ ಬರೆದೆ. ಈ ಸಲ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮೊದಲು ಕನ್ನಡದಲ್ಲಿ ಬರೆದು ಓದಿ ಹೇಳಿ, ಆಮೇಲೆ ಇಂಗ್ಲಿಷಿಗೆ ತಂದೆ. ‘ನಾವು ದುಡ್ಡು ಕೊಟ್ಟು ಲಿಂಕ್ ಕೊಂಡೆವು. ವರದಿ ನಮ್ಮ ಕೈಯಲ್ಲಿತ್ತು, ನಾವು ಓದಲಿಲ್ಲ. ಹೊಣೆ ನಮ್ಮದು’ ಎಂದು ಮೊದಲ ಸಾಲುಗಳು. ಏಜೆನ್ಸಿಯ ಜೊತೆ ವ್ಯವಹಾರ ನಿಲ್ಲಿಸಿದ ದಿನ, ಬರೆದ ಪತ್ರಗಳ ಎಣಿಕೆ, ತೆಗೆಸಿದ್ದು ಎಷ್ಟು, ಉಳಿದಿದ್ದು ಎಷ್ಟು, ನಮ್ಮ ಸೈಟಿನಿಂದ ಹೊರಗೆ ಹೋಗುತ್ತಿದ್ದ ನಾಲ್ಕು ಲಿಂಕಿನ ವಿಷಯ. ಆ ನಾಲ್ಕನ್ನು ಅವರು ಕೇಳಿರಲಿಲ್ಲ, ನಾವಾಗಿ ಹೇಳಿದೆವು. ಕೊನೆಗೆ ಶೀಟಿನ ಲಿಂಕು, ಯಾರು ಬೇಕಾದರೂ ತೆರೆದು ನೋಡುವ ಹಾಗೆ. ಸೀಸನ್‌ನ ಕಷ್ಟ ಬರೆಯಲಿಲ್ಲ. “ಅದು ಅವರಿಗ್ಯಾಕೆ” ಎಂದರು ಅಪ್ಪ.

ಉತ್ತರ ಬರುವ ಮೊದಲು ಇನ್ನೊಂದು ಅರ್ಜಿ ಹಾಕಬಾರದು. ಸುಮ್ನೆ ಕಾಯಬೇಕು. ಮ್ಯಾನುಯಲ್ ಆಕ್ಷನ್ ಹಾಕುವುದು ಗೂಗಲ್‌ನ ಮನುಷ್ಯರು, ಅರ್ಜಿ ನೋಡುವವರೂ ಮನುಷ್ಯರೇ. ಕೆಲವು ದಿನ ಆಗಬಹುದು, ವಾರಗಳೂ ಆಗಬಹುದು. ಆ ದಿನಗಳಲ್ಲಿ ಸಂಜೆ ಮಂಡಕ್ಕಿ ಮಿರ್ಚಿ ತರಿಸಿಕೊಂಡು ಕೂತಾಗ ಅಪ್ಪನಿಗೆ ಹಳೇ ಕಥೆ ಹೇಳುತ್ತಿದ್ದೆ. ಅಮೆರಿಕದ ಜೆ.ಸಿ. ಪೆನ್ನಿ ಎಂಬ ದೊಡ್ಡ ಅಂಗಡಿ ಕೊಂಡ ಲಿಂಕುಗಳಿಂದ ಮೇಲೆ ಬಂದದ್ದು 2011ರಲ್ಲಿ ಪತ್ರಿಕೆಯಲ್ಲಿ ಬಯಲಾಗಿ, ಗೂಗಲ್ ಅದನ್ನು ಕೆಳಗೆ ತಳ್ಳಿತು. 2012ರ ಜನವರಿಯಲ್ಲಿ ದುಡ್ಡು ಕೊಟ್ಟ ಲಿಂಕಿನ ಕಾರಣಕ್ಕೆ ಗೂಗಲ್ ತನ್ನದೇ ಕ್ರೋಮ್ ಪುಟವನ್ನೂ ಕೆಳಗಿಳಿಸಿತು. “ತಮ್ಮ ಮನೀದನ್ನೂ ಬಿಡಲಿಲ್ಲಾ?” ಎಂದು ಅಪ್ಪ ತಲೆದೂಗಿದರು.

ಡಿಸೆಂಬರ್ ಎರಡನೇ ವಾರ ಮೇಲ್ ಬಂತು. ಮ್ಯಾನುಯಲ್ ಆಕ್ಷನ್ ತೆಗೆದಿದ್ದೇವೆ ಎಂದು. ವರ್ಕ್‌ಶಾಪಿನ ಸದ್ದಿನ ನಡುವೆ ಓಡಿ ಹೋಗಿ ಹೇಳಿದೆ. ಲೇಥ್ ಅಣ್ಣ ಮೆಷಿನ್ ಆಫ್ ಮಾಡಿ ಕೈ ಒರೆಸಿಕೊಂಡು “ಹಂಗಾರೆ ನಾಳಿಂದ ಫೋನ್ ಬರ್ತಾವಾ?” ಎಂದರು.

ಬರಲಿಲ್ಲ. ಈ ಮಾತನ್ನು ಯಾರೂ ಮೊದಲೇ ಹೇಳುವುದಿಲ್ಲ, ಅದಕ್ಕೇ ಹೇಳುತ್ತಿದ್ದೇನೆ. ಶಿಕ್ಷೆ ಹೋದರೂ ಹಳೇ ಜಾಗ ವಾಪಸ್ ಸಿಗುವುದಿಲ್ಲ. ಎರಡನೇ ಜಾಗಕ್ಕೆ ನಮ್ಮನ್ನು ಏರಿಸಿದ್ದೇ ಆ ಕೊಂಡ ಲಿಂಕುಗಳು. ಅವುಗಳ ಬಲ ಹೋದ ಮೇಲೆ ನಮ್ಮದು ಎಂದು ಉಳಿದದ್ದು ಇಪ್ಪತ್ತಾರು ಲಿಂಕಿನ ಬಲ. ಡಿಸೆಂಬರ್ ಕೊನೆಗೆ ಮೂರನೇ ಪುಟ, ಜನವರಿಯಲ್ಲಿ ಎರಡನೇ ಪುಟ. ಆ ಸೀಸನ್ ನಮ್ಮ ಕೈಗೆ ಸಿಗಲಿಲ್ಲ. ಹತ್ತು ಯಂತ್ರ ಹೋಗುವ ಕಡೆ ನಾಲ್ಕು ಹೋದವು. ವೆಲ್ಡಿಂಗ್‌ನ ಒಬ್ಬ ಹುಡುಗ ಎರಡು ತಿಂಗಳು ಹರಿಹರದಲ್ಲಿ ಬೇರೆ ಕೆಲಸಕ್ಕೆ ಹೋಗಿ ಬಂದ.

ಏಜೆನ್ಸಿಗೆ ಕೊಡುತ್ತಿದ್ದ ದುಡ್ಡಿನಲ್ಲಿ ಒಂದು ಒಳ್ಳೆ ಟ್ರೈಪಾಡ್ ತಗೊಂಡೆ. ಅಪ್ಪ ಫೋನಿನಲ್ಲಿ ಗಿರಾಕಿಗಳಿಗೆ ಇಪ್ಪತ್ತು ವರ್ಷದಿಂದ ಕೊಡುತ್ತಿದ್ದ ಉತ್ತರಗಳನ್ನೇ ವಿಡಿಯೋ ಸಮೇತ ಒಂದೊಂದು ಪುಟ ಮಾಡಿದೆ. ಹಾಳೆ ಹೇಗೆ ನೆನೆಸಬೇಕು, ಎಷ್ಟು ಆರಿರಬೇಕು, ಒಣಗಿದ್ದರೆ ತಟ್ಟೆ ಯಾಕೆ ಸೀಳುತ್ತದೆ, ಸಿಂಗಲ್ ಫೇಸ್ ಕರೆಂಟಿನಲ್ಲಿ ಎಷ್ಟು ಡೈ ನಡೆಸಬಹುದು, ಹೀಟರ್ ಹೋದರೆ ನೀವೇ ಬದಲಾಯಿಸುವುದು ಹೇಗೆ. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹಾಕಿದೆ. ರೇಟನ್ನೂ ಬರೆದೆ, ಅಪ್ಪ ಅದಕ್ಕೆ ಒಪ್ಪಲು ಒಂದು ವಾರ ಬೇಕಾಯಿತು. ಹೀಟರ್ ಬದಲಾಯಿಸುವ ಪುಟಕ್ಕೆ, ನಾವು ಕೇಳದೆಯೇ, ಬೇರೆ ಬೇರೆ ಊರಿನ ತಟ್ಟೆ ಮಾಡುವವರು ಲಿಂಕ್ ಕೊಟ್ಟಿದ್ದಾರೆ.

ನನ್ನ ಕಥೆ ಕೇಳಿದ ಮೇಲೆ ಕೆಲವರು ತಮ್ಮ ಸೈಟನ್ನೂ ನೋಡು ಅಂತ ಕರೆಯುತ್ತಾರೆ. ಅದರಲ್ಲಿ ಚಿತ್ರದುರ್ಗದ ಒಬ್ಬರದು ಹೇಳಬೇಕು. ಮೊಳಕಾಲ್ಮುರು ರೇಷ್ಮೆ ಸೀರೆ ಮಾರುವ ಅಂಗಡಿ, ನಮ್ಮ ಭಾವನ ಸ್ನೇಹಿತರು. ಸೈಟು ಪೂರ್ತಿ ಬಿದ್ದುಹೋಗಿದೆ, ಒಬ್ಬರು ಬಂದು ‘ನಿಮಗೆ ಒಂಬೈನೂರು ವಿಷದ ಲಿಂಕಿದೆ, ಡಿಸ್‌ಅವೋ ಮಾಡಲು ಇಷ್ಟಾಗುತ್ತೆ’ ಎಂದಿದ್ದಾರೆ, ಏನು ಮಾಡಲಿ ಅಂತ ಕೇಳಿದರು. ಬಸ್ ಹತ್ತಿ ಹೋದೆ. ಅಂಗಡಿಯ ಗದ್ದಿಗೆ ಮೇಲೆ ಕೂತು ಸರ್ಚ್ ಕನ್ಸೋಲ್ ತೆರೆಸಿದೆ. ಮ್ಯಾನುಯಲ್ ಆಕ್ಷನ್ಸ್‌ನಲ್ಲಿ ಹಸಿರು ಗುರುತು, ‘ಯಾವ ತೊಂದರೆಯೂ ಇಲ್ಲ’ ಎಂದು.

“ಅಣ್ಣಾ, ಒಂದು ರೂಪಾಯಿನೂ ಕೊಡಬೇಡಿ” ಅಂದೆ.

ಅವರಿಗೆ ಹಿನ್ನೆಲೆ ಹೇಳಬೇಕಾಯಿತು. 2012ರ ಏಪ್ರಿಲ್ 24ರಂದು ಗೂಗಲ್ ಪೆಂಗ್ವಿನ್ ಎಂಬ ಬದಲಾವಣೆ ತಂದು, ಕೊಂಡ ಲಿಂಕಿನ ಸೈಟುಗಳನ್ನು ಸಾಲು ಸಾಲಾಗಿ ಕೆಡವಿತು. ಜನರ ಗೋಳು ನೋಡಿ ಅದೇ ವರ್ಷ ಅಕ್ಟೋಬರ್‌ನಲ್ಲಿ ಡಿಸ್‌ಅವೋ ಬಂತು. 2016ರ ಸೆಪ್ಟೆಂಬರ್‌ನಲ್ಲಿ ಪೆಂಗ್ವಿನ್ ಗೂಗಲ್‌ನ ಮುಖ್ಯ ಲೆಕ್ಕದೊಳಗೇ ಸೇರಿಹೋಯಿತು. ಅಲ್ಲಿಂದ ಕಸದ ಲಿಂಕು ಕಂಡರೆ ಹೆಚ್ಚಾಗಿ ಸೈಟನ್ನು ಕೆಡವುವುದಿಲ್ಲ, ಆ ಲಿಂಕನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಪ್ರತಿ ಸೈಟಿಗೂ ಯಾವುದೋ ದೇಶದ ಕಸ ಲಿಂಕು ತಾನಾಗಿ ಬಂದು ಬಿದ್ದಿರುತ್ತದೆ. ನೀವು ಕೊಂಡಿಲ್ಲ, ಶಿಕ್ಷೆಯೂ ಬಂದಿಲ್ಲ ಅಂದರೆ ಅದನ್ನು ಮುಟ್ಟಬೇಡಿ. ಬಹುತೇಕ ಸೈಟುಗಳಿಗೆ ಡಿಸ್‌ಅವೋ ಬೇಕಾಗುವುದಿಲ್ಲ ಎಂದು ಗೂಗಲ್ಲೇ ಹೇಳುತ್ತದೆ. ಒಳ್ಳೆಯ ಲಿಂಕನ್ನೂ ತಪ್ಪಿ ಹಾಕಿದರೆ ಕೈಯಾರೆ ಕೆಡಿಸಿಕೊಂಡಂತೆ.

ಹಾಗಾದರೆ ಬಿದ್ದದ್ದು ಯಾಕೆ? ಸೈಟಿಗೆ ಹೊಸ ವಿನ್ಯಾಸ ಮಾಡಿದವರು ಕೆಲಸ ಮುಗಿಯುವ ತನಕ ಗೂಗಲ್‌ಗೆ ಕಾಣದಿರಲಿ ಅಂತ ‘ನೋಇಂಡೆಕ್ಸ್’ ಗುರುತು ಹಾಕಿ, ತೆಗೆಯಲು ಮರೆತಿದ್ದರು. ಅಂಗಡಿ ತೆರೆದಿದೆ, ಬಾಗಿಲಿನ ಮೇಲೆ ‘ಒಳಗೆ ಬರಬೇಡಿ’ ಬೋರ್ಡು. ಒಂದು ಟಿಕ್ ತೆಗೆದು, ಪುಟಗಳನ್ನು ಮತ್ತೆ ನೋಡಿ ಅಂತ ಗೂಗಲ್‌ಗೆ ಕೇಳಿಕೊಂಡೆವು. ಎರಡು ವಾರದಲ್ಲಿ ಸೀರೆಗಳು ಹುಡುಕಾಟದಲ್ಲಿ ಮತ್ತೆ ಕಾಣಿಸಿದವು. ಬೇಡ ಬೇಡ ಅಂದರೂ ಅವರ ಮನೆಯವರು ಅರಿಶಿನ ಕುಂಕುಮ ಕೊಟ್ಟು ಒಂದು ರವಿಕೆ ಕಣ ಇಟ್ಟು ಕಳಿಸಿದರು.

ನಮ್ಮ ಸೈಟು ಈಗ ಮೊದಲ ಪುಟದ ಕೆಳಗಡೆ, ಏಳನೇ ಎಂಟನೇ ಜಾಗದಲ್ಲಿ ಇರುತ್ತದೆ. ದಿನಕ್ಕೆ ನಾಲ್ಕೈದು ಫೋನು. ಡಿಸ್‌ಅವೋ ಫೈಲ್ ಹಾಗೇ ಇದೆ, ತೆಗೆದಿಲ್ಲ. ತಿಂಗಳ ಮೊದಲ ಸೋಮವಾರ ಸರ್ಚ್ ಕನ್ಸೋಲ್ ನೋಡುತ್ತೇನೆ. ಹೊಸ ವರ್ಷಕ್ಕೆ ಅಪ್ಪ ಹೊಸ ನೋಟ್‌ಬುಕ್ ತಂದಾಗ ಸ್ಕೇಲ್ ಇಟ್ಟು ಪ್ರತಿ ಪುಟದಲ್ಲೂ ಇನ್ನೊಂದು ಗೆರೆ ಎಳೆದರು. ತಾರೀಖು, ಊರು, ಹೆಸರು, ಡೈ, ಅದರ ಪಕ್ಕ ‘ಯಾರು ಹೇಳಿದ್ದು’. ಈಗ ಫೋನ್ ಎತ್ತಿದ ಕೂಡಲೇ ಅದನ್ನು ಕೇಳುತ್ತಾರೆ. ನಿನ್ನೆ ಸಂಜೆ ಬರೆದ ಮೂರು ಸಾಲು ನೋಡಿದೆ. ತೀರ್ಥಹಳ್ಳಿ, ಆರು ಡೈ, ಅಳಿಯ ಹೇಳಿದ. ಸೇಲಂ, ನಾಲ್ಕು ಡೈ, ಹೀಟರ್ ವಿಡಿಯೋ. ಗುವಾಹಟಿ, ಎರಡು ಡೈ, ಕೇರಳದ ಅಕ್ಕ.